ಹೆಂಚಿನ ಊರು, ಕಡಲ ತೀರ: ನಾವು ಕಂಡ ಮಂಗಳೂರು

ಮಂಗಳೂರು ಅಂದರೆ ನಮ್ಮ ಬೆಂಗಳೂರಿನ ಗೃಹಿಣಿಯರಿಗೆ ಮೊದಲು ನೆನಪಾಗುವುದು ಏನು ಹೇಳಿ? ಹುಳಿಗೆ ಹಾಕುವ ಮಂಗಳೂರು ಸೌತೆಕಾಯಿ, ಸಾಯಂಕಾಲದ ಕಾಫಿಗೆ ಮಂಗಳೂರು ಬಜ್ಜಿ, ಹಳೇ ಮನೆಗಳ ಮೇಲಿನ ಮಂಗಳೂರು ಹೆಂಚು! ಈ ಮೂರನ್ನೂ ಬಲ್ಲ ನಮಗೆ ಆ ಊರನ್ನು ಕಣ್ಣಾರೆ ನೋಡುವ ಯೋಗ ಮಾತ್ರ ಬೇಗ ಕೂಡಿಬರುವುದಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುತ್ತೇವೆ, ಹರಕೆ ತೀರಿಸಿ ಘಟ್ಟ ಹತ್ತಿ ವಾಪಸ್ಸು ಬಂದುಬಿಡುತ್ತೇವೆ. ಇನ್ನೊಂದೆರಡು ಗಂಟೆ ಮುಂದೆ ಹೋದರೆ ಸಮುದ್ರ ಇದೆ ಅನ್ನುವುದು ನೆನಪಿದ್ದರೂ ರಜೆ ಸಾಲುವುದಿಲ್ಲ.

ನಮ್ಮ ಮನೆಯಲ್ಲಂತೂ ಮಂಗಳೂರಿಗೆ ಹೋಗಲು ದೊಡ್ಡ ಕಾರಣವೇ ಇತ್ತು. ಅದು ನಮ್ಮ ಅತ್ತೆಯವರ ತವರು. ಉಳ್ಳಾಲದಾಚೆ ಉಚ್ಚಿಲದಲ್ಲಿ, ಸಮುದ್ರದ ದಂಡೆಯಲ್ಲೇ ಅವರ ತಂದೆಯ ಮನೆ. ಹತ್ತೊಂಬತ್ತನೆಯ ವಯಸ್ಸಿಗೆ, 1965ರಲ್ಲಿ, ಮದುವೆಯಾಗಿ ಜಯನಗರಕ್ಕೆ ಬಂದವರು. 1988ರಲ್ಲಿ ತಾಯಿ ತೀರಿಕೊಂಡಾಗ ಹೋಗಿದ್ದೇ ಕೊನೆ. ಆಮೇಲೆ ತಮ್ಮ ಜಾಗ ಮಾರಿ ಮುಂಬಯಿಗೆ ಹೋದರು. ತವರಿನಲ್ಲಿ ಕರೆಯುವವರು ಇಲ್ಲದ ಮೇಲೆ ಹೆಣ್ಣು ಮಗಳು ಯಾವ ಹೆಸರು ಹೇಳಿಕೊಂಡು ಹೋಗಬೇಕು? ಹೀಗೆ ಮೂವತ್ತೈದು ವರ್ಷ ಕಳೆದುಹೋಯಿತು. 2023ರ ಸಂಕ್ರಾಂತಿಗೆ ನಮ್ಮವರಿಗೆ ನಾಲ್ಕು ದಿನ ರಜೆ ಸಿಕ್ಕಿದಾಗ, ಎಪ್ಪತ್ತೇಳರ ಅತ್ತೆಯವರೇ ಬಾಯಿಬಿಟ್ಟು, "ಒಂದು ಸಲ ಸಮುದ್ರ ನೋಡಿಕೊಂಡು ಬರುವ" ಅಂದರು.

ಹೊರಡುವ ಮುನ್ನ ಒಂದು ತೊಡಕು ಬಂತು. ಮಂಗಳೂರಿನಲ್ಲಿರುವ ಅತ್ತೆಯವರ ದೊಡ್ಡಮ್ಮನ ಮಗ ಫೋನಿನಲ್ಲಿ, "ಆ ಮನೆ ಈಗ ಇಲ್ಲ. ಕಡಲ್ಕೊರೆತಕ್ಕೆ ಹೋಗಿ ಬಹಳ ವರ್ಷ ಆಯಿತು" ಎಂದರು. ನಮ್ಮವರು, "ಅಮ್ಮನಿಗೆ ಹೇಳಬೇಡ, ಬಿಪಿ ಇದೆ. ಊರು ತೋರಿಸಿ, ಉಚ್ಚಿಲದ ಕಡೆಗೆ ಹೋಗದೆ ಕರಕೊಂಡು ಬಂದುಬಿಡೋಣ" ಎಂದರು. ನನಗೆ ಅದು ಸರಿ ಕಾಣಲಿಲ್ಲ. ತವರು ಅವರದು, ದುಃಖವೂ ಅವರದೇ ಅಲ್ಲವೇ? ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಮೆಲ್ಲನೆ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ್ಲೇ ಮಳೆಗಾಲದಲ್ಲಿ ನೀರು ತೆಂಗಿನ ಬುಡಕ್ಕೆ ಬರ್ತಿತ್ತು. ಗೊತ್ತಿತ್ತು ನನಗೆ. ಆದರೂ ಹೋಗುವ" ಎಂದರು.

ಯಶವಂತಪುರದಿಂದ ಬೆಳಿಗ್ಗೆ ಏಳರ ರೈಲು ಹಿಡಿದೆವು. ಚಪಾತಿ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರು ಘಟ್ಟದ ದಾರಿ. 57 ಸುರಂಗಗಳು! ಕತ್ತಲೆ, ಬೆಳಕು, ಕತ್ತಲೆ, ಬೆಳಕು. ನಡುನಡುವೆ ಕಣಿವೆ, ತೊರೆ, ಎತ್ತರದ ಸೇತುವೆ. ಈ ದಾರಿಯಲ್ಲಿ ರೈಲು ಬಂದದ್ದು 1979ರಲ್ಲಿ. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿ, ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಅತ್ತೆಯವರು ಮದುವೆಯಾಗಿ ಬಂದ ಕಾಲಕ್ಕೆ ಈ ರೈಲೂ ಇರಲಿಲ್ಲ. ಶಿರಾಡಿ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ಗಂಡನ ಮನೆ ಸೇರಿದೆ ಅಂತ ಹೇಳಿ ನಗಿಸಿದರು.

ಘಟ್ಟ ಇಳಿಯುತ್ತಿದ್ದ ಹಾಗೆ ಅವರ ಮಾತೇ ಬದಲಾಯಿತು. ನಮ್ಮ ಮನೆಯಲ್ಲಿ "ಇದೆ" ಅನ್ನುವವರು "ಉಂಟು" ಅನ್ನತೊಡಗಿದರು. "ಎಂತ ಸೆಖೆ ಮಾರಾಯ್ತಿ" ಎಂದು ನನಗೇ ಅಂದಾಗ ನಾನೂ ನನ್ನ ಮಗಳೂ ಮುಖ ಮುಖ ನೋಡಿಕೊಂಡೆವು. ಮಗಳಿಗೆ ಇನ್ನೊಂದು ಪೇಚು. ದಾರಿ ಬದಿಯಲ್ಲಿ "ಬೊಂಡ" ಎಂಬ ಬೋರ್ಡು ನೋಡಿ ಬಿಸಿ ಬೊಂಡ ಬೇಕು ಅಂದಳು. ಕೊಟ್ಟಿದ್ದು ಎಳನೀರು! ಆ ಕಡೆ ಎಳನೀರಿಗೇ ಬೊಂಡ ಅನ್ನುತ್ತಾರೆ. ನಮ್ಮ ಮಂಗಳೂರು ಬಜ್ಜಿಗೆ ಅಲ್ಲಿನ ಹೆಸರು ಗೋಳಿಬಜೆ. ಇವೆರಡನ್ನು ಕಲಿತರೆ ಹೊಟ್ಟೆಗೆ ಮೋಸವಿಲ್ಲ.

ಮಾರನೆಯ ಬೆಳಿಗ್ಗೆ ಮೊದಲು ಹಳೇ ಬಂದರಿಗೆ ಹೋದೆವು. ಅಲ್ಲಿಯವರು ದಕ್ಕೆ ಅನ್ನುತ್ತಾರೆ. ನೇತ್ರಾವತಿ ಒಂದು ಕಡೆಯಿಂದ, ಗುರುಪುರ ನದಿ ಇನ್ನೊಂದು ಕಡೆಯಿಂದ ಬಂದು ಸಮುದ್ರ ಸೇರುವ ಜಾಗ. ನದಿಗೂ ಸಮುದ್ರಕ್ಕೂ ನಡುವೆ ಬೆಂಗ್ರೆ ಎಂಬ ಮರಳಿನ ನೆಲ ಒಂದು ಉದ್ದನೆಯ ತೋಳಿನಂತೆ ಚಾಚಿಕೊಂಡಿದೆ. ಆ ತೋಳಿನ ಮರೆಯಲ್ಲಿ ದೋಣಿಗಳು ಅಲೆಯ ಹೊಡೆತವಿಲ್ಲದೆ ನಿಲ್ಲುತ್ತವೆ. ಇಲ್ಲಿ ಬಂದರು ಹುಟ್ಟಿದ ಗುಟ್ಟು ಇದೇ. ಸಾಲು ಸಾಲು ಬಣ್ಣದ ಮೀನಿನ ಬೋಟುಗಳು, ಬುಟ್ಟಿ ಮುಂದಿಟ್ಟು ಗಟ್ಟಿ ದನಿಯಲ್ಲಿ ವ್ಯಾಪಾರ ಮಾಡುವ ಹೆಂಗಸರು. ಸಸ್ಯಾಹಾರಿಗಳಿಗೆ ವಾಸನೆ ಸ್ವಲ್ಪ ಕಷ್ಟ, ಮೂಗಿಗೆ ಸೆರಗು ಹಿಡಿದಾದರೂ ನೋಡಬೇಕಾದ ನೋಟ. ಆ ಹೆಂಗಸರ ಲೆಕ್ಕದ ಚುರುಕು ನೋಡಿ ನಮ್ಮವರೇ ಬೆರಗಾದರು. ಸ್ವಲ್ಪ ಮುಂದೆ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು ಒಯ್ಯುವ ಹಡಗುಗಳು ತುಂಬುತ್ತಿದ್ದವು. ಅಲ್ಲಿನ ಅಡುಗೆಮನೆಗಳ ಈರುಳ್ಳಿ, ಟೊಮೆಟೊ ಇಲ್ಲಿಂದ ಸಮುದ್ರ ದಾಟಿ ಹೋಗಬೇಕು!

ಈ ಬಂದರು ನಿನ್ನೆ ಮೊನ್ನೆಯದಲ್ಲ. ಹದಿನಾಲ್ಕನೆಯ ಶತಮಾನದಲ್ಲೇ ಇಬ್ನ್ ಬತೂತ ಎಂಬ ಮೊರಾಕೊದ ಪ್ರವಾಸಿ ಇಲ್ಲಿಗೆ ಬಂದು, ಪರ್ಷಿಯಾ, ಯೆಮೆನ್ ದೇಶದ ವ್ಯಾಪಾರಿಗಳು ಇಳಿಯುವುದನ್ನೂ, ಮೆಣಸು ಶುಂಠಿ ಹೇರಳವಾಗಿರುವುದನ್ನೂ ಬರೆದಿಟ್ಟಿದ್ದಾನೆ. 1443ರಲ್ಲಿ ಹೆರಾತ್‌ನಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ವಿಜಯನಗರಕ್ಕೆ ಹೋದದ್ದೂ ಇದೇ ಮಂಗಳೂರಿನಲ್ಲಿ ಹಡಗಿನಿಂದಿಳಿದು. ನಮ್ಮ ಸಾಂಬಾರ್ ಡಬ್ಬಿಯ ಕಾಳುಮೆಣಸಿಗಾಗಿ ಎಲ್ಲೆಲ್ಲಿಂದಲೋ ಜನ ಬಂದರು, ಜಗಳವೂ ಆಡಿದರು. ಬೋಳೂರಿನಲ್ಲಿ ನದಿಯ ದಡದಲ್ಲಿ ಕಪ್ಪು ಕಲ್ಲಿನ ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು. ಟಿಪ್ಪುವಿಗೂ ಇಂಗ್ಲಿಷ್ ಕಂಪನಿಗೂ ಮಂಗಳೂರು ಒಪ್ಪಂದ ಆದದ್ದೂ ಅದೇ ವರ್ಷದ ಮಾರ್ಚಿನಲ್ಲಿ. ಬುರುಜಿನ ಪಕ್ಕದಲ್ಲೇ ದೋಣಿ ಹತ್ತಿ ನದಿ ದಾಟಿದರೆ ತಣ್ಣೀರುಬಾವಿ ಕಡಲತೀರ.

ದೊಡ್ಡ ಹಡಗು ನೋಡಬೇಕಾದರೆ ಪಣಂಬೂರಿಗೆ ಹೋಗಬೇಕು. ಹಳೇ ಬಂದರಿನ ಆಳ ಸಾಲದೆ, ಅಲ್ಲಿ ಹೊಸದಾಗಿ ನವಮಂಗಳೂರು ಬಂದರು ಕಟ್ಟಿದರು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಒಳಗೆ ನಮ್ಮಂಥವರನ್ನು ಬಿಡುವುದಿಲ್ಲ. ಪಕ್ಕದ ಪಣಂಬೂರು ಬೀಚಿನಲ್ಲಿ ನಿಂತರೆ, ಸರದಿಗಾಗಿ ದೂರದಲ್ಲಿ ಕಾದು ನಿಂತ ಹಡಗುಗಳು ಆಟಿಕೆಗಳಂತೆ ಕಾಣುತ್ತವೆ.

ಇನ್ನು ಹೆಂಚಿನ ಕಥೆ. ನಮ್ಮ ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ಕೆಂಪು ಹೆಂಚನ್ನು ನೀವೂ ನೋಡಿರುತ್ತೀರಿ. ಬಾಸೆಲ್ ಮಿಷನ್ನಿನವರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ 1834ರಲ್ಲಿ ಇಲ್ಲಿಗೆ ಬಂದವರು. ನದಿ ದಡದ ಜೇಡಿಮಣ್ಣು ನೋಡಿ, 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದು ಹೆಂಚಿನ ಅಂಚು ಇನ್ನೊಂದಕ್ಕೆ ಸಿಕ್ಕಿಕೊಂಡು ಕೂರುವುದರಿಂದ ಕರಾವಳಿಯ ಮಳೆಗೂ ಮನೆ ಸೋರದು. ಹುಲ್ಲಿನ ಮಾಡಿಗಾದರೆ ವರ್ಷ ವರ್ಷವೂ ಹೊದಿಕೆ, ಜೊತೆಗೆ ಬೆಂಕಿಯ ಭಯ. ಹೆಂಚು ಬಂದ ಮೇಲೆ ಎಷ್ಟು ಹೆಂಗಸರು ಮಳೆಗಾಲದ ರಾತ್ರಿ ನೆಮ್ಮದಿಯಿಂದ ಮಲಗಿರಬಹುದು ಎಂದು ನನಗನ್ನಿಸಿತು.

ಅದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರಡಿಸಿದರು. ಕನ್ನಡದ ಮೊಟ್ಟಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಣ. ಸೋದರಿಯರೇ, ಗಮನಿಸಿದಿರಾ? ಅದೂ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ! ನಾವು ಈಗ ಕಾದು ಕೂತು ಓದುವ ಪಾಕ್ಷಿಕದ ಮುತ್ತಜ್ಜಿ ಅಂತಲೇ ಅನ್ನಬಹುದು. ಕಿಟ್ಟೆಲ್ಲರ ದೊಡ್ಡ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ತಪ್ಪಿಸಬೇಡಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬ ಕಲಾವಿದ 1899ರಿಂದ 1901ರವರೆಗೆ ಗೋಡೆ, ಛಾವಣಿಯೆಲ್ಲ ತುಂಬಾ ಚಿತ್ರ ಬರೆದಿದ್ದಾರೆ. ಕತ್ತು ನೋಯುವ ತನಕ ಮೇಲೆ ನೋಡಿದೆವು. ಕದ್ರಿ ಮಂಜುನಾಥನ ಗುಡಿಯಲ್ಲಿ ಕ್ರಿ.ಶ. 968ರ ಶಾಸನವಿರುವ ಕಂಚಿನ ಲೋಕೇಶ್ವರ ಮೂರ್ತಿ ಇದೆ. ಸಾವಿರ ವರ್ಷ ದಾಟಿದ ಮುಖದಲ್ಲಿ ಎಂಥಾ ಶಾಂತಿ! ಊರಿಗೆ ಹೆಸರು ಕೊಟ್ಟ ಮಂಗಳಾದೇವಿಗೆ ಅತ್ತೆಯವರು ಕುಂಕುಮಾರ್ಚನೆ ಮಾಡಿಸಿದರು.

ಮೂರನೆಯ ದಿನ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೊರಟೆವು. ಇದು ರಾಣಿ ಅಬ್ಬಕ್ಕನ ಊರು. ಹದಿನಾರನೆಯ ಶತಮಾನದಲ್ಲಿ, ಸಮುದ್ರವೆಲ್ಲ ತಮ್ಮದೇ ಎನ್ನುತ್ತಿದ್ದ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲ ಎಂದು ಎದುರು ನಿಂತ ಹೆಣ್ಣು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿ ಅದನ್ನು ಬರೆದಿಟ್ಟಿದ್ದಾನೆ. ನಮ್ಮ ಕರಾವಳಿ ಕಾವಲು ಪಡೆ 2012ರಲ್ಲಿ ಒಂದು ಹಡಗಿಗೆ ಅಬ್ಬಕ್ಕನ ಹೆಸರಿಟ್ಟಿತು. ಉಳ್ಳಾಲದ ದರ್ಗಾಕ್ಕೆ ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಬರುತ್ತಿದ್ದೆ ಎಂದು ಅತ್ತೆ ಕೈಮುಗಿದರು. ಮುಂದೆ ಸೋಮೇಶ್ವರ. ಬಂಡೆಯ ಮೇಲೆ ದೇವಸ್ಥಾನ, ಕೆಳಗೆ ರುದ್ರಪಾದೆಗೆ ಬಡಿದು ಬಿಳಿಯಾಗಿ ಏಳುವ ಅಲೆ. ಇಲ್ಲಿ ನೀರಿಗೆ ಇಳಿಯಬಾರದು, ಬಂಡೆಯ ತುದಿಗೂ ಹೋಗಬಾರದು. ಎಷ್ಟೋ ಜೀವಗಳು ಹೋಗಿವೆ.

ಉಚ್ಚಿಲದಲ್ಲಿ ದಂಡೆಯುದ್ದಕ್ಕೂ ಎತ್ತರಕ್ಕೆ ದೊಡ್ಡ ದೊಡ್ಡ ಕಲ್ಲು ಸುರಿದಿದ್ದರು. ಬುಡದ ಮರಳು ಹೋಗಿ, ಬೇರೆಲ್ಲ ಹೊರಗೆ ಕಾಣುತ್ತಾ ವಾಲಿ ನಿಂತ ತೆಂಗಿನ ಮರಗಳು. ಅರ್ಧಕ್ಕೆ ತುಂಡಾದ ಒಂದು ಮುರಕಲ್ಲಿನ ಗೋಡೆ. ಅತ್ತೆ ಕಾರಿನಿಂದಿಳಿದು ನಿಧಾನವಾಗಿ ನಡೆದರು. ನಾನು ಕೈ ಹಿಡಿದುಕೊಂಡಿದ್ದೆ. ದಂಡೆಯ ಅಂಚಿನಲ್ಲಿ ಒಂದು ಹಳೇ ಸುರಹೊನ್ನೆ ಮರ ಇತ್ತು. ಅದನ್ನು ಕಂಡು ಸಟ್ಟನೆ ನಿಂತುಬಿಟ್ಟರು.

"ಇದು ನಮ್ಮ ಹಿತ್ತಿಲ ಮರ. ಇದರ ಕಾಯಿ ಎಣ್ಣೆಯಲ್ಲಿ ಅಮ್ಮ ದೀಪ ಹಚ್ತಿದ್ದದ್ದು" ಎಂದರು. ಹಿತ್ತಿಲು ಇದಾದರೆ ಮನೆ? ಅವರು ಕೈ ತೋರಿಸಿದ್ದು ನೀರಿನ ಕಡೆಗೆ. "ಅಗೋ, ಆ ಅಲೆ ಮುರಿಯುತ್ತದಲ್ಲ, ಅಲ್ಲಿ ಬಾವಿ. ಅದಕ್ಕೂ ಇತ್ತ ಅಡಿಗೆಕೋಣೆ. ಚಾವಡಿ ಆಚೆಗೆ. ಅದರಿಂದಾಚೆ ತೆಂಗಿನ ತೋಟ, ತೋಟ ದಾಟಿದರೆ ಸಮುದ್ರ" ಎಂದು ಒಂದೊಂದಾಗಿ ಹೇಳಿದರು. ನಮ್ಮ ಕಣ್ಣಿಗೆ ಕಂಡದ್ದು ನೀರು ಮಾತ್ರ. ನಮ್ಮವರು ಆ ಕಡೆ ತಿರುಗಿಕೊಂಡರು. ಅತ್ತೆ ಅಳಲಿಲ್ಲ. ಮಗಳು ಮರಳಿನಲ್ಲಿ ಸಿಕ್ಕ ಹೆಂಚಿನ ಚೂರು ತಂದು, "ಅಜ್ಜಿ, ಮನೆಗೆ ತಗೊಂಡು ಹೋಗೋಣವಾ?" ಎಂದಳು. "ಯಾರ ಮನೆದೋ ಏನೋ, ಇಲ್ಲೇ ಇರಲಿ ಮಗಾ" ಎಂದುಬಿಟ್ಟರು.

ಅಷ್ಟರಲ್ಲಿ ಪಕ್ಕದ ಚಿಕ್ಕ ಮನೆಯ ಹೆಂಗಸೊಬ್ಬರು ಹೊರಗೆ ಬಂದರು. ಅತ್ತೆ ತುಳುವಿನಲ್ಲಿ ತಮ್ಮ ತಂದೆಯ ಹೆಸರು ಹೇಳಿದ್ದೇ ತಡ, "ಬಲೆ, ಕುಲ್ಲುಲೆ" ಎಂದು ಒಳಗೆ ಕರೆದು ಚಾಪೆ ಹಾಸಿದರು. ಬನ್ನಿ, ಕೂತುಕೊಳ್ಳಿ ಅಂತ ಅರ್ಥ. ಆ ಕಡೆಯ ಪದ್ಧತಿಯಂತೆ ಮೊದಲು ಒಂದು ಚೂರು ಬೆಲ್ಲ, ಚೊಂಬಿನಲ್ಲಿ ನೀರು. ಮೂವತ್ತೈದು ವರ್ಷದ ಮೇಲೆ ತವರೂರಿನಲ್ಲಿ ಸಿಕ್ಕ ಆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಾಗ ಮಾತ್ರ ಅತ್ತೆಯವರ ಕಣ್ಣು ತುಂಬಿತು. ಒಂದು ಗಂಟೆ ಇಬ್ಬರೂ ತುಳುವಿನಲ್ಲಿ ಮಾತಾಡಿದರು. ಯಾರು ಇದ್ದಾರೆ, ಯಾರು ಹೋದರು, ಯಾವ ಮನೆ ಯಾವ ಮಳೆಗಾಲದಲ್ಲಿ ಹೋಯಿತು ಅಂತ.

ಆಮೇಲೆ ಅತ್ತೆ ನಮಗೆ ಕನ್ನಡದಲ್ಲಿ ಹೇಳಿದರು. ಈ ಹೆಂಗಸು ಜೂನ್ ಬಂತೆಂದರೆ ರೇಷನ್ ಕಾರ್ಡು, ಮನೆಯ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಾಗಿಲ ಹತ್ತಿರವೇ ಇಟ್ಟುಕೊಳ್ಳುತ್ತಾರಂತೆ. ಅಲೆ ಜೋರಾದ ರಾತ್ರಿ ತಂಗಿಯ ಮನೆಯಲ್ಲಿ ಮಲಗುವುದು. ಒಂದು ಕಡೆ ಕಲ್ಲು ಹಾಕಿದರೆ ಇನ್ನೊಂದು ಕಡೆ ಕೊರೆಯುತ್ತದೆ ಎಂಬುದು ಅವರ ಅನುಭವ. ಅದು ನಿಜವೇ. ಅಲೆಗಳು ದಂಡೆಯುದ್ದಕ್ಕೂ ಮರಳನ್ನು ಸಾಗಿಸುತ್ತಿರುತ್ತವೆ. ಅಳಿವೆಬಾಗಿಲಿನ ತಡೆಗೋಡೆಯೋ ಇನ್ನೇನೋ ಆ ಮರಳನ್ನು ಒಂದು ಕಡೆ ತಡೆದರೆ ಮುಂದಿನ ದಂಡೆಗೆ ಮರಳು ಬರುವುದಿಲ್ಲ, ಅಲೆ ನೆಲವನ್ನೇ ತಿನ್ನುತ್ತದೆ. ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಸಮುದ್ರದೊಳಗೇ ದಿಬ್ಬ ಕಟ್ಟಿ ಅಲೆಯ ಬಲ ಕುಗ್ಗಿಸುವ ಕೆಲಸ ಮಾಡಿದ್ದಾರೆ. ಉಚ್ಚಿಲದ ಆ ಹೆಂಗಸು ಮಾತ್ರ ಪ್ರತಿ ಮಳೆಗಾಲವನ್ನೂ ಎಣಿಸಿಯೇ ಕಳೆಯುತ್ತಾರೆ. ನಾವು ಬೀಚಿಗೆ ಹೋಗಿ ಕಾಲು ನೆನೆಸಿಕೊಂಡು ಬರುತ್ತೇವೆ. ಆ ನೀರಿನ ಪಕ್ಕದಲ್ಲೇ ಒಲೆ ಹಚ್ಚಿ ಸಂಸಾರ ಮಾಡುವವರ ಕಷ್ಟ ಅಲ್ಲಿ ಕೂತು ಕೇಳಿದಾಗಲೇ ತಿಳಿದದ್ದು.

ಕೊನೆಯ ದಿನ ಉಡುಪಿಗೆ ಹೋಗಿ ಶ್ರೀಕೃಷ್ಣನ ದರ್ಶನ ಮಾಡಿ ಮಲ್ಪೆಗೆ ಹೋದೆವು. ದಾರಿಯಲ್ಲಿ ಕಾಪು ದೀಪಸ್ತಂಭ. 1901ರದು, ಬಂಡೆಯ ಮೇಲೆ ಈಗಲೂ ದೀಪ ಉರಿಯುತ್ತದೆ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪ. ಕೋಟ್ಯಂತರ ವರ್ಷ ಹಿಂದೆ ಜ್ವಾಲಾಮುಖಿಯ ಲಾವಾ ಆರಿ ಗಟ್ಟಿಯಾಗಿ, ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟ ಹಾಗೆ ನಿಂತಿದೆ. ಅತ್ತೆಯವರು ಬೋಟು ಬೇಡವೆಂದು ದಡದಲ್ಲೇ ಕೂತು ಒಂದು ಬೊಂಡ ಕುಡಿದರು. ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿ ಇದೆ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನನ್ನು ಪಡೆದರೆಂಬುದು ಇಲ್ಲಿಯ ಕಥೆ.

ಊಟ ತಿಂಡಿಗೆ ಅಲ್ಲಿ ಕೊರತೆಯೇ ಇಲ್ಲ. ಬಾಳೆಹಣ್ಣು ಹಾಕಿದ ಮೈದಾದ ಬನ್ಸ್, ಗೋಳಿಬಜೆ, ಕೆಸುವಿನ ಎಲೆಯ ಪತ್ರೊಡೆ, ಎತ್ತರದ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಉಚ್ಚಿಲದ ಆ ತಾಯಿ ಹೇಳಿಕೊಟ್ಟ ನೀರುದೋಸೆಯ ಕ್ರಮ ಹೀಗಿದೆ: ಒಂದು ಲೋಟ ದೋಸೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ಅರ್ಧ ಲೋಟ ತೆಂಗಿನ ತುರಿ ಸೇರಿಸಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ. ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳ್ಳಗಾಗುವಂತೆ ನೀರು ಬೆರೆಸಿ. ಹುದುಗು ಬರಿಸಬೇಕಾಗಿಲ್ಲ. ಕಾವಲಿ ಚೆನ್ನಾಗಿ ಕಾದಿರಲಿ. ಹಿಟ್ಟನ್ನು ಅಂಚಿನಿಂದ ಮಧ್ಯಕ್ಕೆ ಚೆಲ್ಲಿದ ಹಾಗೆ ಹೊಯ್ದು ಮುಚ್ಚಳ ಮುಚ್ಚಿ. ತಿರುವಿ ಹಾಕಬಾರದು, ಮಡಚಿ ತೆಗೆಯಿರಿ. ಪ್ರತಿ ಸಲ ಹೊಯ್ಯುವ ಮುಂಚೆ ಹಿಟ್ಟನ್ನು ಕಲಕಿಕೊಳ್ಳಿ, ಇಲ್ಲದಿದ್ದರೆ ಅಕ್ಕಿ ತಳಕ್ಕೆ ಕೂರುತ್ತದೆ. ಬೆಲ್ಲ ಕಲಸಿದ ಕಾಯಿತುರಿಯೊಂದಿಗೆ ಮಕ್ಕಳು ಲೆಕ್ಕವಿಲ್ಲದೆ ತಿನ್ನುತ್ತಾರೆ.

ಹೋಗುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ನಂತರ ಸೆಖೆ ತಡೆಯುವುದು ಕಷ್ಟ. ಮಳೆಗಾಲದಲ್ಲಿ ದ್ವೀಪದ ಬೋಟು ಇರುವುದಿಲ್ಲ, ಸಮುದ್ರವೂ ಅಪಾಯ. ಹಗಲಿನ ರೈಲು ಯಾವ ದಿನ ಉಂಟೆಂದು ಮೊದಲೇ ವಿಚಾರಿಸಿ ಸೀಟು ಕಾಯ್ದಿರಿಸಿ. ಹತ್ತಿಯ ಸೀರೆ ಅಥವಾ ಚೂಡಿದಾರ, ಒಂದು ಕೊಡೆ, ಮರಳಿಗೆ ಹಗುರ ಚಪ್ಪಲಿ ಇಟ್ಟುಕೊಳ್ಳಿ. ಊರೊಳಗೆ ತಿರುಗಲು ಸ್ಟೇಟ್ ಬ್ಯಾಂಕ್ ಎಂದು ಕರೆಯುವ ನಿಲ್ದಾಣದಿಂದ ಉಳ್ಳಾಲ, ಸುರತ್ಕಲ್ ಎಲ್ಲ ಕಡೆಗೂ ಸಿಟಿ ಬಸ್ಸು ಸಿಗುತ್ತದೆ. ವಯಸ್ಸಾದವರಿದ್ದರೆ ಒಂದು ದಿನಕ್ಕೆ ಎರಡು ಜಾಗ ಸಾಕು.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ತವರಿನ ದಾರಿ ಮುಚ್ಚಿಹೋದ ಅತ್ತೆಯೋ, ಅಜ್ಜಿಯೋ, ದೊಡ್ಡಮ್ಮನೋ ಇರಬಹುದು. ಮುಂದಿನ ರಜೆಗೆ ಎಲ್ಲಿಗೆ ಹೋಗೋಣ ಅಂತ ಯೋಚಿಸುವಾಗ ಅವರನ್ನೂ ಒಂದು ಮಾತು ಕೇಳಿ. ಅಲ್ಲಿ ಮನೆ ಉಳಿದಿಲ್ಲದಿದ್ದರೂ ಚಿಂತೆಯಿಲ್ಲ. ಅವರ ತಂದೆಯ ಹೆಸರು ಹೇಳಿದರೆ ಬೆಲ್ಲ ನೀರು ಕೊಡುವ ಒಬ್ಬರಾದರೂ ಇರುತ್ತಾರೆ.